ಕಿಸಾನ್ ಕ್ರೆಡಿಟ್ ಕಾರ್ಡು: ಗಡುವಿನ ದಿನ ಮರೆಯದಿರಿ

ಪುತ್ತೂರು ಪೇಟೆಯ ದರ್ಬೆಯಲ್ಲಿ ಬಸ್ಸಿಳಿದು ಬ್ಯಾಂಕಿಗೆ ಬರುವ ಕೆಲವು ಅಡಿಕೆ ಬೆಳೆಗಾರರ ಜೇಬಿನಲ್ಲಿ ಈಗ ಎರಡು ಕಾರ್ಡುಗಳಿರುತ್ತವೆ. ಒಂದು ಬೆಳೆಸಾಲದ ಕಿಸಾನ್ ಕ್ರೆಡಿಟ್ ಕಾರ್ಡು. ಇನ್ನೊಂದು ಅಂಗಡಿ ಸಾಮಾನಿಗೆ, ಪೆಟ್ರೋಲಿಗೆ ಬಳಸುವ ಸಾಮಾನ್ಯ ಕ್ರೆಡಿಟ್ ಕಾರ್ಡು. ಎರಡಕ್ಕೂ ಕ್ರೆಡಿಟ್ ಕಾರ್ಡೆಂದೇ ಹೆಸರಾದರೂ ಲೆಕ್ಕ ಬೇರೆ ಬೇರೆ. ಈ ವ್ಯತ್ಯಾಸ ತಿಳಿಯದೆ, "ಬಿಲ್ಲು ಬಂದಾಗ ಕಟ್ಟಿದರಾಯಿತು" ಎಂದು ಕುಳಿತರೆ ಸಾವಿರಾರು ರೂಪಾಯಿ ನಷ್ಟವಾಗುತ್ತದೆ.

ಬೆಳೆಗೆ ತಕ್ಕ ಗಡುವು

ಆರ್. ವಿ. ಗುಪ್ತಾ ಸಮಿತಿಯ ಶಿಫಾರಸಿನಂತೆ ನಬಾರ್ಡ್ ರೂಪಿಸಿದ ಕಿಸಾನ್ ಕ್ರೆಡಿಟ್ ಕಾರ್ಡು ಯೋಜನೆ 1998ರಲ್ಲಿ ಜಾರಿಗೆ ಬಂದಿತು. ಕಾರ್ಡಿನ ಅವಧಿ 5 ವರ್ಷ. ಈ ಅವಧಿಯಲ್ಲಿ ಮಂಜೂರಾದ ಮಿತಿಯೊಳಗೆ ಬೇಕಾದಾಗ ಹಣ ತೆಗೆಯಬಹುದು. ಕೈಯಲ್ಲಿ ಹಣವಿದ್ದಾಗ ಕಟ್ಟಿ, ಮತ್ತೆ ತೆಗೆಯಬಹುದು. ಇದಕ್ಕೆ ತಿಂಗಳ ಬಿಲ್ಲು ಇಲ್ಲ. ಬೆಳೆಯ ಕೊಯ್ಲು ಮತ್ತು ಮಾರಾಟದ ಕಾಲವನ್ನು ನೋಡಿ ಬ್ಯಾಂಕು ಮರುಪಾವತಿಯ ದಿನವನ್ನು ನಿಗದಿ ಮಾಡುತ್ತದೆ.

ಇಲ್ಲಿನ ಅಡಿಕೆ ತೋಟಗಳಿಗೆ ಮಳೆಗಾಲದ ಆರಂಭದಲ್ಲೇ ಖರ್ಚು ಹೆಚ್ಚು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮೈಲುತುತ್ತು, ಸುಣ್ಣ, ಕೂಲಿ ಎಲ್ಲವೂ ಬೇಕು. ಕೊಯ್ಲು ಶುರುವಾಗುವುದು ಮಳೆ ಬಿಟ್ಟ ಮೇಲೆ. ಅಂಗಳದಲ್ಲಿ ಒಂದೂವರೆ ತಿಂಗಳಷ್ಟು ಒಣಗಿಸಿ, ಸುಲಿದು, ಮಾರಿದ ಮೇಲೆಯೇ ಹಣ. ಆದುದರಿಂದ ಸಾಲ ಪಡೆಯುವಾಗಲೇ ಈ ವಿಷಯವನ್ನು ವ್ಯವಸ್ಥಾಪಕರಿಗೆ ತಿಳಿಸಿ, ಅಡಿಕೆ ಮಾರಾಟದ ಕಾಲಕ್ಕೆ ಹೊಂದುವ ಗಡುವನ್ನು ಕೇಳುವುದು ಒಳ್ಳೆಯದು.

ಒಂದು ದಿನದ ಬೆಲೆ

ಕೇಂದ್ರ ಸರ್ಕಾರವು 2025-26ನೇ ಸಾಲಿಗೂ ಮುಂದುವರಿಸಿದ ಬಡ್ಡಿ ರಿಯಾಯಿತಿ ಯೋಜನೆಯಂತೆ, 3 ಲಕ್ಷ ರೂ. ವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ. 7. ಗಡುವಿನೊಳಗೆ ಕಟ್ಟಿದವರಿಗೆ ಮತ್ತೆ ಶೇ. 3 ಪ್ರೋತ್ಸಾಹಧನ. ಅಂದರೆ ನಿವ್ವಳ ಬಡ್ಡಿ ಶೇ. 4 ಮಾತ್ರ.

ಉದಾಹರಣೆಗೆ, ಒಬ್ಬ ರೈತರು 3 ಲಕ್ಷ ರೂ. ತೆಗೆದು ಒಂದು ವರ್ಷ ಬಳಸಿದರೆಂದು ಇಟ್ಟುಕೊಳ್ಳೋಣ.

ಶೇ. 7ರಂತೆ ಬಡ್ಡಿ: 21,000 ರೂ.
ಸಕಾಲಕ್ಕೆ ಕಟ್ಟಿದರೆ ಸಿಗುವ ಪ್ರೋತ್ಸಾಹಧನ: 9,000 ರೂ.
ನಿವ್ವಳ ಬಡ್ಡಿ: 12,000 ರೂ.

ಬ್ಯಾಂಕು ನಿಗದಿ ಮಾಡಿದ ದಿನ ಅಥವಾ ಹಣ ತೆಗೆದು ಒಂದು ವರ್ಷ ತುಂಬುವ ದಿನ, ಇವೆರಡರಲ್ಲಿ ಮೊದಲು ಬರುವುದೇ ರಿಯಾಯಿತಿಯ ಕೊನೆಯ ದಿನ. ಅದು ದಾಟಿತೆಂದರೆ 9,000 ರೂ. ಕೈತಪ್ಪುತ್ತದೆ. ಮುಂದಿನ ದಿನಗಳಿಗೆ ಶೇ. 7ರ ದರವೂ ಇಲ್ಲ. ಬ್ಯಾಂಕಿನ ಸಾಮಾನ್ಯ ದರ ಅನ್ವಯಿಸುತ್ತದೆ, ಅದೂ ಅರ್ಧ ವರ್ಷಕ್ಕೊಮ್ಮೆ ಅಸಲಿಗೆ ಸೇರಿ ಚಕ್ರಬಡ್ಡಿಯಾಗುತ್ತದೆ. ಸಹಕಾರಿ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಮುಂಗಡಪತ್ರದಲ್ಲಿ 3 ಲಕ್ಷದಿಂದ 5 ಲಕ್ಷ ರೂ. ಗಳಿಗೆ ಏರಿಸಿತು. ಈ ಸೌಲಭ್ಯವೂ ಸಕಾಲಕ್ಕೆ ಕಟ್ಟಿದವರಿಗೆ ಮಾತ್ರ.

ಧಾರಣೆಗಾಗಿ ಕಾಯುವವರಿಗೆ

"ಹೊಸ ಅಡಿಕೆಗೆ ಧಾರಣೆ ಇಲ್ಲ, ಹಳತಾಗಲಿ" ಎಂದು ಚಾಲಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅದು ತಪ್ಪಲ್ಲ. ಆದರೆ ಮೇಲಿನ ಲೆಕ್ಕವನ್ನು ಜೊತೆಗಿಟ್ಟು ನೋಡಬೇಕು. ಸಾಲ ತೀರಿಸಲು 10 ಕ್ವಿಂಟಾಲ್ ಅಡಿಕೆ ಮಾರಬೇಕಾಗಿದ್ದು, ಅದನ್ನು ಗಡುವು ದಾಟಿಸಿ ಇಟ್ಟುಕೊಂಡರೆ, ಕಿಲೋಗೆ 9 ರೂ. ಏರಿದಾಗ ಕೈತಪ್ಪಿದ ಪ್ರೋತ್ಸಾಹಧನ ಮಾತ್ರ ಸರಿದೂಗುತ್ತದೆ. ಹೆಚ್ಚುವರಿ ಬಡ್ಡಿ, ತೂಕದ ಇಳಿತ, ಹುಳದ ಕಾಟ ಬೇರೆ. ಆದುದರಿಂದ ಸಾಲಕ್ಕೆ ಬೇಕಾದಷ್ಟನ್ನು ಮಾರಿ, ಉಳಿದುದನ್ನು ಧಾರಣೆಗೆ ಇಟ್ಟುಕೊಳ್ಳುವುದು ಲೇಸು. ಕಟ್ಟಿದ ಮೇಲೆ ಮಿತಿ ಮತ್ತೆ ತೆರೆಯುವುದರಿಂದ ಮುಂದಿನ ಖರ್ಚಿಗೆ ಹಣ ತೆಗೆಯಬಹುದು. ಆದರೆ ನವೀಕರಣಕ್ಕೆ ಎಷ್ಟು ದಿನ ಬೇಕೆಂದು ಮೊದಲೇ ಕೇಳಿಕೊಳ್ಳಿ.

ತಿಂಗಳ ಬಿಲ್ಲಿನ ಕಾರ್ಡು

ಸಾಮಾನ್ಯ ಕ್ರೆಡಿಟ್ ಕಾರ್ಡಿನಲ್ಲಿ ಒಂದು ತಿಂಗಳ ಖರ್ಚನ್ನು ಒಟ್ಟುಗೂಡಿಸಿ ಬಿಲ್ಲು ಮಾಡುತ್ತಾರೆ. ಕಟ್ಟಲು ಕೆಲವು ದಿನಗಳ ಅವಕಾಶವಿರುತ್ತದೆ. ಬಿಲ್ಲಿನಲ್ಲಿ "ಕನಿಷ್ಠ ಮೊತ್ತ" ಎಂದು ಒಂದು ಸಣ್ಣ ಅಂಕಿ ಇರುತ್ತದೆ. ಅಷ್ಟನ್ನೇ ಕಟ್ಟಿದರೆ ತಡಪಾವತಿ ದಂಡ ತಪ್ಪಬಹುದು, ಬಡ್ಡಿ ತಪ್ಪದು. ಹಲವು ಕಾರ್ಡುಗಳಲ್ಲಿ ಈ ಬಡ್ಡಿ ತಿಂಗಳಿಗೇ ಶೇ. 3ರ ಆಸುಪಾಸು. ಅಡಿಕೆಯ ಆದಾಯ ವರ್ಷದ ಕೆಲವೇ ತಿಂಗಳಲ್ಲಿ ಬರುವುದರಿಂದ, ಗೊಬ್ಬರ, ಮೈಲುತುತ್ತಿನಂಥ ಬೆಳೆಯ ಖರ್ಚನ್ನು ಈ ಕಾರ್ಡಿನ ಮೇಲೆ ಹಾಕಬಾರದು. ಬಿಲ್ಲಿನ ದಿನ ಅನುಕೂಲವಾಗದಿದ್ದರೆ ಅದನ್ನು ಬದಲಿಸಿಕೊಡಲು ಕೇಳಬಹುದು. ಕನಿಷ್ಠ ಒಂದು ಸಲವಾದರೂ ಈ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಬ್ಯಾಂಕಿನಲ್ಲಿ ಗಮನಿಸಬೇಕಾದ ಅಂಶಗಳು

1. "ಸಾಲ ಎಷ್ಟಾಯಿತು?" ಎಂದಷ್ಟೇ ಕೇಳದೆ, "ಕೊನೆಯ ದಿನ ಯಾವುದು? ಆ ದಿನಕ್ಕೆ ಅಸಲು, ಬಡ್ಡಿ ಸೇರಿ ಎಷ್ಟು ಕಟ್ಟಬೇಕು?" ಎಂದು ಕೇಳಿ ಬರೆಸಿಕೊಳ್ಳಿ.

2. ಉಳಿತಾಯ ಖಾತೆಗೆ ಹಣ ಹಾಕಿದರೆ ಸಾಲ ತೀರಿದಂತಲ್ಲ. ಅಡಿಕೆಯ ಹಣ ಉಳಿತಾಯ ಖಾತೆಗೆ ಜಮೆಯಾಗಿದ್ದರೆ, ಅದನ್ನು ಸಾಲದ ಖಾತೆಗೆ ವರ್ಗಾಯಿಸಲು ಚಲನ್ ಬರೆದುಕೊಡಿ. ಪುಸ್ತಕದಲ್ಲಿ ನಮೂದಾಗಿದೆಯೇ ಎಂದು ನೋಡಿಯೇ ಹೊರಡಿ.

3. ಕೊನೆಯ ದಿನ ರಜೆ ಬರಬಹುದು. ಒಂದು ವಾರ ಮೊದಲೇ ಕಟ್ಟಿ.

4. ಪ್ರೋತ್ಸಾಹಧನ ಖಾತೆಗೆ ಬಂದಿದೆಯೇ ಎಂದು ಅನಂತರ ವಿಚಾರಿಸಿ.

5. ಮಳೆ, ರೋಗದಿಂದ ಫಸಲು ಹಾಳಾಗಿದ್ದರೆ ಗಡುವಿಗೆ ಮೊದಲೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ.

ತಕರಾರು ಇದ್ದರೆ

ಬಾಯಿಮಾತಿನ ದೂರಿಗೆ ದಾಖಲೆ ಉಳಿಯುವುದಿಲ್ಲ. ಖಾತೆ ಸಂಖ್ಯೆ, ಕಟ್ಟಿದ ದಿನ, ಮೊತ್ತ ಬರೆದು, ರಸೀದಿಯ ಪ್ರತಿ ಲಗತ್ತಿಸಿ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ. ಇನ್ನೊಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮರ್ಪಕವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಿವರಗಳಿಗೆ ದೂರವಾಣಿ 14448. ಪ್ರಾಥಮಿಕ ಸಹಕಾರಿ ಸಂಘದ ಸಾಲವಾದರೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಗೆ ಬರೆಯಬೇಕು.

ಬೋರ್ಡೋ ಸಿಂಪಡಣೆಯ ದಿನವನ್ನು ರೈತರು ಯಾರೂ ಮರೆಯುವುದಿಲ್ಲ. ತಪ್ಪಿದರೆ ಗೊನೆ ಉಳಿಯದೆಂದು ಗೊತ್ತು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಪಕ್ಕದಲ್ಲೇ ಸಾಲದ ಗಡುವನ್ನೂ ಗುರುತು ಹಾಕಿಡಿ.