ಅಪ್ಪನ ಪದ್ಮಿನಿಯ ಎಂಜಿನ್ ಬಿಚ್ಚಿಸಬೇಕೆ?

ಕ್ಯಾಂಪಿನ ಯುವ ಮಿತ್ರರೇ, ನಿಮ್ಮಲ್ಲಿ ಕೆಲವರ ಮನೆಯಂಗಳದಲ್ಲಿ ಇನ್ನೂ ಒಂದು ಪ್ರೀಮಿಯರ್ ಪದ್ಮಿನಿ ನಿಂತಿರಬಹುದು. ಊರು ಬಿಟ್ಟು ಬಂದ ಅಪ್ಪ ಸಾಲ ಮಾಡಿ ಕೊಂಡದ್ದು. ರಜೆಯಲ್ಲಿ ನಿಮ್ಮನ್ನು ಬೆಳಗಾವಿ ದಾಟಿಸಿ ಧಾರವಾಡದ ಅಜ್ಜಿಯ ಮನೆಗೆ ಮುಟ್ಟಿಸಿದ್ದು. ಈಗ ಹೊಗೆ ಕಾರುತ್ತದೆ, ಗುಜರಿಗೆ ಹಾಕೋಣ ಎನ್ನುತ್ತೀರಿ. ಅಪ್ಪ ಸುಮ್ಮನಿರುತ್ತಾರೆ. ಸ್ವಲ್ಪ ತಾಳಿ.

ಕುರ್ಲಾದಲ್ಲಿ ತಯಾರಾದ ಈ ಗಾಡಿಯದು 1089 ಸಿಸಿಯ ಸರಳ ಎಂಜಿನ್. ನೀಲಿ ಹೊಗೆ ಕಂಡೊಡನೆ ಎಲ್ಲವನ್ನೂ ಬಿಚ್ಚಿಸಬೇಕಿಲ್ಲ. ಮೊದಲು ಕಂಪ್ರೆಷನ್ ನೋಡಿಸಿ. ಕಡಿಮೆ ಬಂದರೆ, ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಏರಿತೋ, ರಿಂಗು, ಬೋರು ಸವೆದಿವೆ. ಏರಲಿಲ್ಲವೋ, ದೋಷ ಹೆಚ್ಚಾಗಿ ವಾಲ್ವಿನದು. ಹೆಡ್ ಇಳಿಸಿದರೆ ಸಾಕಾದೀತು. ಎಂಜಿನ್ ಬಿಸಿಯಾದಾಗ ಆಯಿಲ್ ಪ್ರೆಷರ್ ಕುಸಿದು ಕೆಳಗಿನಿಂದ ಬಡಿತ ಕೇಳಿಸಿದರೆ ಕ್ರ್ಯಾಂಕಿನವರೆಗೂ ಹೋಗಬೇಕಾದೀತು.

ನನ್ನನ್ನು ಕೇಳಿದರೆ, ಅದಕ್ಕೂ ಮೊದಲು ಗಾಡಿಯ ತಳ ನೋಡಿ. ಇದಕ್ಕೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಆಧಾರ. ಮ್ಯಾಟ್ ಎತ್ತಿದಾಗ ತಗಡು ಉದುರಿದರೆ, ಎಂಜಿನ್ನಿಗೆ ಸುರಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತಗಡು ಗಟ್ಟಿಯಿದೆಯೇ? ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಓವರ್‌ಸೈಜ್ ಪಿಸ್ಟನ್ ವಿಚಾರಿಸಿ. ಗಾಡಿಯ ತಯಾರಿಕೆ ನಿಂತು 20 ವರ್ಷ ದಾಟಿದೆ; ಪಿಸ್ಟನ್ ಕೈಗೆ ಬರುವ ತನಕ ಬ್ಲಾಕನ್ನು ಬೋರಿಂಗಿಗೆ ಕೊಡಬೇಡಿ. ಬ್ಲಾಕನ್ನೇ ಬದಲಿಸಿದರೆ ಹೊಸ ಎಂಜಿನ್ ನಂಬರು ಆರ್‌ಟಿಓದಲ್ಲಿ ದಾಖಲಾಗಬೇಕು. 15 ವರ್ಷ ಕಳೆದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದು ಆಗಿದೆಯೇ ಎಂದು ಅಪ್ಪನನ್ನೇ ಕೇಳಿ. ಹಳೆಯ ಫೈಲು ತೆಗೆಯುವಾಗಲಾದರೂ ಮಾತಾಡಿಯಾರು.