ಪುಕ್ಕಟೆ ಕುಡಿಸಿ ಕಲಿಸಿದ ಚಹಾ

ಧಾರವಾಡ ಜಿಲ್ಲೆ ಕಲಘಟಗಿ ತಾಲೂಕಿನ ಮಿಶ್ರಿಕೋಟಿ ಹೆಸರಿನಲ್ಲಿಯೇ ಕಲ್ಲುಸಕ್ಕರೆಯ ನೆನಪು ತರುವ ಊರು. ಸುತ್ತಲಿನ ಹಳ್ಳಿಗಳಂತೆ ಇಲ್ಲಿಯೂ ಮನೆಗೆ ಬಂದವರಿಗೆ ನೀರು ಕೊಟ್ಟ ಮೇಲೆ ಕೇಳುವ ಮೊದಲ ಮಾತು 'ಚಾ ಇಡಲೇನು?' ಎಂಬುದು. ಹೊಲಕ್ಕೆ ಹೊರಟವರಿಗೆ, ಹೆಣ್ಣು ನೋಡಲು ಬಂದವರಿಗೆ, ಸಾವಿನ ಮನೆಯಲ್ಲಿ ರಾತ್ರಿಯಿಡೀ ಕುಳಿತವರಿಗೆ ಚಹಾ ಬೇಕೇ ಬೇಕು. ಇದು ಅಜ್ಜ-ಮುತ್ತಜ್ಜರ ಕಾಲದಿಂದ ಬಂದ ಪದ್ಧತಿ ಎಂದು ನಂಬಿದವರೇ ಹೆಚ್ಚು. ಆದರೆ ಮುತ್ತಜ್ಜನ ಕಾಲದ ಹಳ್ಳಿಯಲ್ಲಿ ಚಹಾ ಇರಲಿಲ್ಲ. ಅಂಬಲಿ, ಮಜ್ಜಿಗೆ, ಬೆಲ್ಲ-ನೀರು ಇದ್ದವು. ಚಹಾ ತಾನಾಗಿ ನಡೆದು ಬರಲಿಲ್ಲ. ಅದನ್ನು ಲೆಕ್ಕಾಚಾರ ಹಾಕಿ, ಹಣ ಸುರಿದು, ಮನೆಮನೆಗೆ ಹೋಗಿ ಪುಕ್ಕಟೆ ಕುಡಿಸಿ ರೂಢಿ ಮಾಡಿಸಲಾಯಿತು. ಭಾರತದಲ್ಲಿ ನಡೆದ ಅತ್ಯಂತ ದೊಡ್ಡ, ಅತ್ಯಂತ ದೀರ್ಘ ಜಾಹೀರಾತು ಕಾರ್ಯಾಚರಣೆಗಳ ಸಾಲಿನಲ್ಲಿ ಇದಕ್ಕೆ ಮೊದಲ ಸ್ಥಾನವನ್ನೇ ಕೊಡಬೇಕಾದೀತು.

ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲ ಬಾರಿಗೆ ಹರಾಜಾದದ್ದು 1839ರಲ್ಲಿ. ಮುಂದಿನ ಅರ್ಧ ಶತಮಾನ ಅದು ಇಲ್ಲಿ ಬೆಳೆದು ಅಲ್ಲಿ ಕುಡಿಯುವ ಸರಕಾಗಿತ್ತು. ತೋಟಗಳ ಒಡೆಯರು ಬ್ರಿಟಿಷರು, ಗಿರಾಕಿಗಳೂ ಬ್ರಿಟಿಷರು. ತೋಟಗಳು ಹೆಚ್ಚಿ ಬೆಲೆ ಇಳಿಯತೊಡಗಿದಾಗಲೇ ಅವರ ಕಣ್ಣು ಕಾಲಬುಡದಲ್ಲಿದ್ದ ಕೋಟಿ ಕೋಟಿ ಜನರ ಮೇಲೆ ಬಿದ್ದದ್ದು. 1881ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದ ಭಾರತೀಯ ಚಹಾ ಸಂಘವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿಯನ್ ಪ್ರಚಾರಕರನ್ನು ನೇಮಿಸಿ, ಕಿರಾಣಿ ಅಂಗಡಿಗಳಿಗೆ ಕಳಿಸಿ, ಚಹಾ ಇಟ್ಟುಕೊಳ್ಳುವಂತೆ ಹೇಳಿಸಿತು. ಅಂಗಡಿಕಾರರು ಕೇಳಿಸಿಕೊಂಡರು, ಜನ ಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಪ್ರಯತ್ನ ಮಂಕಾಯಿತು.

ಹೀಗಿದ್ದರೂ ಬೆಳೆಗಾರರ ಕೈಯಲ್ಲಿ ಒಂದು ಅಸ್ತ್ರವಿತ್ತು. 1903ರ ಚಹಾ ಸೆಸ್ ಕಾಯ್ದೆಯ ಪ್ರಕಾರ ರಫ್ತಾಗುವ ಪ್ರತಿ ಪೌಂಡ್ ಚಹಾದ ಮೇಲೆ ಅತ್ಯಲ್ಪ ತೆರಿಗೆ ಬೀಳುತ್ತಿತ್ತು. ಆ ಹಣವೆಲ್ಲ ಪ್ರಚಾರಕ್ಕೇ ಮೀಸಲು. ಬೆಳೆಗಾರರು ತಾವಾಗಿಯೇ ಕೇಳಿ ಹಾಕಿಸಿಕೊಂಡ ತೆರಿಗೆ ಇದು ಎಂಬುದು ಸೋಜಿಗದ ಸಂಗತಿ. ಯಾವುದೋ ಒಂದು ಕಂಪನಿಯ ಪೊಟ್ಟಣವನ್ನಲ್ಲ, ಚಹಾ ಎಂಬ ಚಟವನ್ನೇ ಮಾರುವುದಕ್ಕೆ ಹೀಗೆ ಶಾಶ್ವತವಾದ ಒಂದು ನಿಧಿ ಸಿದ್ಧವಾಯಿತು.

ಮೊದಲ ಯಶಸ್ಸು ಸಿಕ್ಕಿದ್ದು ಅಡುಗೆಮನೆಯಲ್ಲಿ ಅಲ್ಲ, ಕಾರ್ಖಾನೆಯಲ್ಲಿ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಗಿರಣಿ, ಗಣಿ, ಕಾರ್ಖಾನೆಗಳ ಮಾಲೀಕರ ಮನವೊಲಿಸಿ, ದಣಿದ ಕೂಲಿಕಾರರಿಗೆ ಚಹಾ ವಿರಾಮ ಕೊಡುವ ಏರ್ಪಾಡು ಮಾಡಲಾಯಿತು. ಮಾಲೀಕರಿಗೆ ಹೇಳಿದ ಮಾತು ಸರಳ: ಹತ್ತು ನಿಮಿಷ ಬಿಟ್ಟರೆ ಕೆಲಸ ಹೆಚ್ಚಾಗುತ್ತದೆ. ಹಸಿವನ್ನು ತಾತ್ಕಾಲಿಕವಾಗಿ ಅಡಗಿಸುವ ಪಾನೀಯದ ಗುಣ ಆ ಮಾತಿನಲ್ಲಿ ಬಚ್ಚಿಟ್ಟುಕೊಂಡಿತ್ತು. ಎರಡನೆಯ ಹಾದಿ ರೈಲು. ಜಂಕ್ಷನ್ನುಗಳಲ್ಲಿ ಸಣ್ಣ ಗುತ್ತಿಗೆದಾರರಿಗೆ ಕಿಟಲಿ, ಕಪ್ಪು, ಚಹಾಪುಡಿ ಒದಗಿಸಿ ಪ್ರಯಾಣಿಕರ ಕಿಟಕಿಗೇ ಚಹಾ ತಲುಪುವಂತೆ ಮಾಡಲಾಯಿತು. ರೈಲ್ವೆ ವರ್ಕ್‌ಶಾಪ್ ಮತ್ತು ಹತ್ತಿಯ ವ್ಯಾಪಾರದಿಂದ ಬೆಳೆದ ಹುಬ್ಬಳ್ಳಿಯಂಥ ಊರಿಗೆ ಹೊಸ ರುಚಿಯೊಂದು ಬಂದು ಇಳಿಯಲು ಇದಕ್ಕಿಂತ ಸಹಜವಾದ ದಾರಿ ಇನ್ನೊಂದಿರಲಾರದು.

ರೈಲು ನಿಲ್ದಾಣಗಳಲ್ಲಿ ಎನಾಮಲ್ ಫಲಕಗಳೂ ನಿಂತವು. ನೀರು ಹೊಸದಾಗಿರಲಿ, ಕುದಿಯಲಿ, ಪಾತ್ರೆಯನ್ನು ಮೊದಲು ಬಿಸಿ ಮಾಡಿ, ಸೊಪ್ಪು ಹಾಕಿ ಮುಚ್ಚಿಡಿ, ಆಮೇಲೆ ಸೋಸಿ, ಹಾಲು-ಸಕ್ಕರೆ ಬೆರೆಸಿ ಎಂದು ಚಿತ್ರಸಹಿತ ಪಾಠವನ್ನು ದೇಶಭಾಷೆಗಳಲ್ಲಿ ಬರೆಯಲಾಗಿತ್ತು. ಬಂಗಾಳದ ಫಲಕವೊಂದು ಮಲೇರಿಯಾ, ಟೈಫಾಯಿಡ್‌ಗಳಿಂದಲೂ ಚಹಾ ಕಾಪಾಡುತ್ತದೆ ಎಂದು ಸಾರುತ್ತಿತ್ತು. ಕುದಿಸಿದ ನೀರು ಕುಡಿದರೆ ಟೈಫಾಯಿಡ್ ದೂರವಾದೀತು, ನಿಜ. ಆದರೆ ಅದರ ಕೀರ್ತಿ ನೀರಿಗೆ ಸಲ್ಲಬೇಕೇ ಹೊರತು ಎಲೆಗಲ್ಲ. ಸೊಳ್ಳೆಯಿಂದ ಬರುವ ಮಲೇರಿಯಾಕ್ಕಂತೂ ಎರಡೂ ಸಂಬಂಧವಿಲ್ಲ.

ನಿಜವಾದ ದಾಳಿ ಆರಂಭವಾದದ್ದು 1930ರ ದಶಕದಲ್ಲಿ. 1929ರ ಜಾಗತಿಕ ಆರ್ಥಿಕ ಕುಸಿತದಿಂದ ಬೆಲೆ ನೆಲಕಚ್ಚಿತು. ಭಾರತ, ಸಿಲೋನ್ ಮತ್ತು ಡಚ್ ಈಸ್ಟ್ ಇಂಡೀಸ್ ಬೆಳೆಗಾರರು 1933ರಲ್ಲಿ ರಫ್ತಿಗೆ ಮಿತಿ ಹಾಕಿಕೊಳ್ಳುವ ಒಪ್ಪಂದಕ್ಕೆ ಬಂದರು. ಹೊರಗೆ ಕಳಿಸಲಾಗದ ಚಹಾವನ್ನು ಒಳಗೇ ಕುಡಿಸಬೇಕಾಯಿತು. ಸೆಸ್ ಸಮಿತಿಯು ಭಾರತೀಯ ಚಹಾ ಮಾರುಕಟ್ಟೆ ವಿಸ್ತರಣಾ ಮಂಡಳಿ ಎಂಬ ಹೊಸ ಹೆಸರು ಪಡೆಯಿತು. ಹೆಸರಿನಲ್ಲಿಯೇ ಉದ್ದೇಶ ಬಯಲಾಗಿತ್ತು.

ಆ ಮಂಡಳಿಯ ತಂತ್ರವನ್ನು ಇಂದಿನ ಮಾರುಕಟ್ಟೆ ಪಂಡಿತರೂ ಕಲಿಯಬಹುದು. ಒಂದು ಓಣಿಯನ್ನು ಆರಿಸಿಕೊಳ್ಳುವುದು. ದಿನವೂ ಅದೇ ವೇಳೆಗೆ ಪ್ರಚಾರಕರು ಬಂದು ಮನೆಯವರ ಎದುರೇ ಚಹಾ ಮಾಡಿ ಪುಕ್ಕಟೆ ಕೊಡುವುದು. ವೇಳೆ ತಪ್ಪಬಾರದು ಎಂಬುದೇ ಇದರ ಗುಟ್ಟು. ನಾಲಗೆಗಿಂತ ಮೊದಲು ಗಡಿಯಾರಕ್ಕೆ ರೂಢಿ ಮಾಡಿಸಬೇಕಿತ್ತು. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ತಂಡ ಮುಂದಿನ ಓಣಿಗೆ ಹೋಗುತ್ತಿತ್ತು. ಆದರೆ ಆ ವೇಳೆಗೆ ಹಿಂದಿನ ಓಣಿಯವರ ತಲೆ ಸಿಡಿಯತೊಡಗುತ್ತಿತ್ತು. ಪರದೆ ಪದ್ಧತಿಯ ಮನೆಗಳಿಗೆ ಹೆಂಗಸರನ್ನೇ ಕಳಿಸಿದರು. ಜಾತ್ರೆ, ಸಂತೆಗಳಿಗೆ ಚಹಾ ವ್ಯಾನು ಹೋಯಿತು. ಡಬ್ಬಿಗಟ್ಟಲೆ ಕೊಳ್ಳಲಾಗದ ಬಡವನಿಗಾಗಿ ಒಂದು ಪೈಸೆಯ ಪುಟ್ಟ ಪೊಟ್ಟಣ ಬಂತು. 1980ರ ದಶಕದಲ್ಲಿ ಶಾಂಪೂ ಸ್ಯಾಚೆಗಳು ಹಳ್ಳಿ ಗೆದ್ದ ಕಥೆಯನ್ನು ಹೊಸ ಆವಿಷ್ಕಾರವೆಂಬಂತೆ ಹೇಳಲಾಗುತ್ತದೆ. ಅದರ ಮೂಲ ಈ ಪೈಸೆ ಪೊಟ್ಟಣದಲ್ಲಿದೆ. ಈ ಕ್ಷೇತ್ರದ ಪ್ರಮುಖ ಹೆಸರಾದ ಬ್ರೂಕ್ ಬಾಂಡ್ ಬಗ್ಗೆಯೂ ಒಂದು ಸ್ವಾರಸ್ಯವಿದೆ. 1869ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂಗಡಿ ತೆರೆದ ಆರ್ಥರ್ ಬ್ರೂಕ್‌ಗೆ ಬಾಂಡ್ ಎಂಬ ಪಾಲುದಾರನೇ ಇರಲಿಲ್ಲ. ಕಿವಿಗೆ ಹಿತವಾಗಿರಲೆಂದು ಆತ ಸೇರಿಸಿಕೊಂಡ ಹೆಸರದು!

ಎಲ್ಲರೂ ಸುಮ್ಮನೆ ಕಪ್ಪು ಹಿಡಿಯಲಿಲ್ಲ. ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ಚಹಾವನ್ನು ಕಟುವಾಗಿ ವಿರೋಧಿಸಿ ಬರೆದರು. ಗಾಂಧೀಜಿ 1942ರಲ್ಲಿ ಆಗಾಖಾನ್ ಅರಮನೆಯ ಬಂಧನದಲ್ಲಿದ್ದಾಗ ಬರೆದ ಆರೋಗ್ಯ ಕುರಿತ ಪುಸ್ತಕದಲ್ಲಿ, ಚಹಾದಲ್ಲಿ ಏನಾದರೂ ಪೋಷಣೆ ಇದ್ದರೆ ಅದು ಹಾಲು-ಸಕ್ಕರೆಯದು, ಎಲೆಯಲ್ಲಿನ ಟ್ಯಾನಿನ್ ಹಾನಿಕರ ಎಂದು ವಾದಿಸಿದರು. ಅದಕ್ಕೂ ದೊಡ್ಡ ಆಕ್ಷೇಪ ತೋಟಗಳ ಬಗ್ಗೆ ಇತ್ತು. ಅಸ್ಸಾಮಿನಲ್ಲಿ ಕರಾರಿಗೆ ಸಿಕ್ಕಿಬಿದ್ದ ಕೂಲಿಗಳ ಪಾಡನ್ನು ಮುಲ್ಕ್ ರಾಜ್ ಆನಂದ್ 1937ರಲ್ಲಿ ಕಾದಂಬರಿಯನ್ನಾಗಿಸಿದರು. ಪೋಸ್ಟರುಗಳಲ್ಲಿ ಮಾತ್ರ ಎಲೆ ಕೀಳುವ ಹೆಣ್ಣುಮಗಳು ಯಾವಾಗಲೂ ನಗುತ್ತಿದ್ದಳು.

ಇದಕ್ಕೆ ಜಾಹೀರಾತು ಕೊಟ್ಟ ಉತ್ತರ ಅದ್ಭುತ. 1947ರಲ್ಲಿ ಕಲಾವಿದ ಅನ್ನದಾ ಮುನ್ಷಿ ರಚಿಸಿದ ಪೋಸ್ಟರಿನಲ್ಲಿ ಹೆಣ್ಣುಮಗಳೊಬ್ಬಳು ಚರಕದ ಮುಂದೆ ಕುಳಿತಿದ್ದಾಳೆ, ಜೊತೆಗೆ ಚಹಾದ ಕಪ್ಪು. ಚಹಾ ನೂರಕ್ಕೆ ನೂರು ಸ್ವದೇಶಿ ಎಂಬುದು ಅದರ ಘೋಷಣೆ. ಬ್ರಿಟಿಷ್ ಬಂಡವಾಳದ ಸರಕು ಗಾಂಧಿಯವರ ಚರಕದ ಪಕ್ಕದಲ್ಲಿಯೇ ಕುಳಿತು ಸ್ವಾತಂತ್ರ್ಯ ಪಡೆಯಿತು. ಖಾದಿಗೆ ಹೆಸರಾದ ಧಾರವಾಡ ಸೀಮೆಯ ಓದುಗರಿಗೆ ಇದರ ವ್ಯಂಗ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಚಹಾ ಬಂದಲ್ಲೆಲ್ಲ ಜಾತಿಯೂ ಬಂತು. ರೈಲು ನಿಲ್ದಾಣಗಳಲ್ಲಿ 'ಹಿಂದೂ ಚಹಾ', 'ಮುಸಲ್ಮಾನ್ ಚಹಾ' ಎಂದು ಕೂಗಿ ಮಾರುತ್ತಿದ್ದರು. ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆ ಬೇರೆಯೇ ಲೋಟ, ಅದನ್ನು ಅವರೇ ತೊಳೆದಿಡಬೇಕಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದ ಮೇಲೂ ಎಷ್ಟೋ ಊರುಗಳಲ್ಲಿ ಈ ಎರಡು ಲೋಟದ ಪದ್ಧತಿ ಅಳಿಯಲಿಲ್ಲ. ಎಲ್ಲರನ್ನೂ ಗಿರಾಕಿಯನ್ನಾಗಿಸಲು ಹೊರಟ ಪ್ರಚಾರ, ಎಲ್ಲರೂ ಒಂದೇ ಕಪ್ಪಿನಲ್ಲಿ ಕುಡಿಯಲಿ ಎಂದು ಹೇಳುವ ಗೋಜಿಗೆ ಹೋಗಲಿಲ್ಲ.

ಇದೇ ಹೊತ್ತಿಗೆ ಕಾಫಿ ಬೆಳೆಗಾರರೂ ಇದೇ ಪಾಠ ಕಲಿತಿದ್ದರು. 1935ರಲ್ಲಿ ಕಾಫಿ ಸೆಸ್ ಬಂತು, 1936ರಲ್ಲಿ ಮುಂಬೈಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು, 1942ರಲ್ಲಿ ಕಾಫಿ ಮಂಡಳಿ ರೂಪುಗೊಂಡಿತು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗ ಬೆಳೆಯುವ ಕರ್ನಾಟಕ ಹೀಗೆ ಎರಡು ಪ್ರಚಾರಗಳ ನಡುವೆ ಹಂಚಿಹೋಯಿತು. ಧಾರವಾಡ ಜಿಲ್ಲೆ 1956ರವರೆಗೂ ಮುಂಬೈ ಆಡಳಿತದಲ್ಲಿದ್ದದ್ದರಿಂದ ಇಲ್ಲಿನ ನಾಲಗೆ ಮುಂಬೈ-ಪುಣೆಯ ಕಡೆ ವಾಲಿತು. ಹೆಸರೂ ಅಲ್ಲಿಂದಲೇ ಬಂತು: ಮರಾಠಿಯ 'ಚಹಾ' ಇಲ್ಲಿಯೂ ಚಹಾ, ಆಡುಮಾತಿನಲ್ಲಿ ಚಾ, ಬೆಂಗಳೂರಿನವರಿಗೆ ಅದು ಇಂಗ್ಲಿಷಿನಿಂದ ಬಂದ 'ಟೀ'. ಮೂಲದಲ್ಲಿ ಎರಡೂ ಚೀನದವೇ. ಒಂದು ಅಲ್ಲಿನ 'ಚಾ', ಇನ್ನೊಂದು ಫೂಜಿಯನ್ ಕರಾವಳಿಯ ಆಡುನುಡಿಯ 'ತೆ'. ಎರಡನೆಯದನ್ನು ಡಚ್ ವ್ಯಾಪಾರಿಗಳು ಯುರೋಪಿಗೆ ಒಯ್ದರು. ತುಂಗಭದ್ರೆಯ ಆಚೆ ಕಾಫಿ, ಈಚೆ ಚಹಾ ಎಂದು ಗೆರೆ ಎಳೆಯುವುದು ಅತಿಸರಳವಾದೀತು. ಆದರೂ ಕನ್ನಡವೊಂದರಲ್ಲೇ ಎರಡೂ ಹೆಸರು ಬಾಳುತ್ತಿರುವುದು ಸುಳ್ಳಲ್ಲ.

ಇಷ್ಟೆಲ್ಲ ಹಣ ಸುರಿದವರಿಗೆ ಒಂದು ಸೋಲು ಮಾತ್ರ ಕಟ್ಟಿಟ್ಟದ್ದಾಗಿತ್ತು. ಫಲಕದಲ್ಲಿ ಬರೆದಂತೆ ಯಾರೂ ಚಹಾ ಮಾಡಲಿಲ್ಲ! ಅಂಗಡಿಕಾರರು ಪುಡಿ ಕಡಿಮೆ ಹಾಕಿ, ಹಾಲು-ಸಕ್ಕರೆ ಧಾರಾಳ ಸುರಿದು, ಶುಂಠಿ-ಏಲಕ್ಕಿ ಜಜ್ಜಿ ಹಾಕಿ, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಗಳಗಳ ಕುದಿಸಿದರು. ಚಹಾ ಸಂಘಕ್ಕೆ ಇದು ಸಂಕಟ ತಂದಿತು. ಮಸಾಲೆ ಹೆಚ್ಚಿದಷ್ಟೂ ಎಲೆಯ ಖರ್ಚು ಕಡಿಮೆ. ಸಂಘದ ಮೇಲ್ವಿಚಾರಕರು ತಿದ್ದಲು ನೋಡಿದರು, ಆಗಲಿಲ್ಲ. ಕೊನೆಗೆ ಯಂತ್ರವೇ ಜನರ ರುಚಿಗೆ ಬಗ್ಗಿತು. ವಿಲಿಯಂ ಮೆಕರ್ಚರ್ 1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ರೂಪಿಸಿದ, ಎಲೆಯನ್ನು ಅರೆದು, ಹರಿದು, ಸುರುಳಿಸುವ ಸಿಟಿಸಿ ಯಂತ್ರ ಸ್ವಾತಂತ್ರ್ಯಾನಂತರ ವ್ಯಾಪಕವಾಯಿತು. ಅದರ ಕಪ್ಪು ಕಾಳು ಅಗ್ಗ, ಕಡಕ್, ಎಷ್ಟು ಹಾಲು ಸುರಿದರೂ ಬಣ್ಣ ಬಿಡುತ್ತದೆ. ಹಳ್ಳಿಯ ಅಂಗಡಿಗೆ ಚಹಾ ಪೂರ್ತಿಯಾಗಿ ಒಗ್ಗಿದ್ದು ಆ ಮೇಲೆಯೇ. ಒಂದು ಕಾಲಕ್ಕೆ ಬಹುಪಾಲು ಹಡಗು ಏರುತ್ತಿದ್ದ ಭಾರತದ ಚಹಾದಲ್ಲಿ ಇಂದು ಸುಮಾರು ಶೇಕಡಾ 80 ಭಾಗ ದೇಶದೊಳಗೇ ಖರ್ಚಾಗುತ್ತದೆ.

ಯಾವ ಪ್ರಚಾರ ಮಂಡಳಿಯೂ ಯೋಚಿಸದ, ಯೋಚಿಸಿದ್ದರೆ ಖಂಡಿತ ತಡೆಯುತ್ತಿದ್ದ ಇನ್ನೊಂದು ಪದ್ಧತಿಯನ್ನೂ ಇಲ್ಲಿಯ ಜನ ಸೇರಿಸಿದರು. ಚಹಾದಂಗಡಿಯಲ್ಲಿ ಇಬ್ಬರು ಗೆಳೆಯರು ಕುಳಿತು ಒಂದೇ ಚಹಾ ತರಿಸುತ್ತಾರೆ. ಒಬ್ಬನಿಗೆ ಕಪ್ಪು, ಇನ್ನೊಬ್ಬನಿಗೆ ಬಸಿ.