255 ಗ್ರಾಂ ರಾಕೆಟ್ ಹಿಡಿದೂ ಮೊಣಕೈ ನೋವು ಯಾಕೆ?

ನಮ್ಮೂರು ಹಲವಾಗಲು, ಹರಪನಹಳ್ಳಿ ತಾಲ್ಲೂಕು. ನಾನು ಹುಡುಗನಾಗಿದ್ದಾಗ ಊರಲ್ಲಿ ಟೆನಿಸ್ ಬಾಲ್ ಎಲ್ಲರಿಗೂ ಗೊತ್ತಿತ್ತು, ಟೆನಿಸ್ ಯಾರಿಗೂ ಗೊತ್ತಿರಲಿಲ್ಲ. ಆ ಬಾಲಿನಲ್ಲಿ ಆಡ್ತಿದ್ದದ್ದು ಕ್ರಿಕೆಟ್! ರಾಕೆಟ್ ಕೈಗೆ ಬಂದಿದ್ದು ಬಿ.ಕಾಂ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದಮೇಲೆ.

ಮೊದಲ ಸಲ ಸ್ವಂತ ದುಡ್ಡಲ್ಲಿ ರಾಕೆಟ್ ತಗೊಳ್ಳುವಾಗ ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ: "ಹಗುರ ಇರೋದು ಕೊಡಿ." 255 ಗ್ರಾಂನದ್ದು ಕೊಟ್ರು. ಮೂರು ತಿಂಗಳಲ್ಲಿ ಮೊಣಕೈ ಹೊರಭಾಗ ಎಷ್ಟು ನೋಯುತ್ತಿತ್ತು ಅಂದ್ರೆ, ಚಹಾ ಲೋಟ ಎತ್ತೋಕೂ ಎಡಗೈಯೇ ಬೇಕಾಗಿತ್ತು.

ಈ ಕತೆ ಈಗ ಯಾಕೆ ಅಂದ್ರೆ, ಕೂಡ್ಲಿಗಿಯಿಂದ ಕೇಳುಗರೊಬ್ಬರು ಮೆಸೇಜ್ ಮಾಡಿದ್ದಾರೆ. ಮಗಳಿಗೆ 13 ವರ್ಷ, ಟೆನಿಸ್ ಕಲೀತಿದ್ದಾಳೆ. "ಕೈ ನೋವು ಬರಬಾರದು, ಅದಕ್ಕೆ ಎಲ್ಲಕ್ಕಿಂತ ಹಗುರದ್ದೇ ಕೊಡಿಸಲಾ?" ಅಂತ. ಸರ್, ಸ್ವಲ್ಪ ತಡೀರಿ.

ಕೊಡಲಿ ಹಿಡಿದವರಿಗೆ ಇದನ್ನ ವಿವರಿಸೋದು ಸುಲಭ. ಕಾವಿನ ತುದಿ ಹಿಡಿದು ಬೀಸಿದಾಗ ಕೊಡಲಿ ಎಷ್ಟು ಭಾರ ಅನ್ಸುತ್ತೆ? ಅದನ್ನೇ ಅಲಗಿನ ಹತ್ತಿರ ಹಿಡಿದರೆ? ತಕ್ಕಡಿಗೆ ಹಾಕಿದರೆ ಎರಡೂ ಸಲ ಒಂದೇ ತೂಕ, ಕೈಗೆ ಮಾತ್ರ ಒಂದೇ ಅಲ್ಲ. ರಾಕೆಟ್ಟಿನದೂ ಹಾಗೇ.

ದೊಡ್ಡವರ ರಾಕೆಟ್ ಸಾಮಾನ್ಯವಾಗಿ 27 ಇಂಚು, ಅಂದ್ರೆ ಸುಮಾರು 68.5 ಸೆಂ.ಮೀ. ಅದರ ಅರ್ಧ 34.3. ರಾಕೆಟ್ಟನ್ನ ಒಂದು ಸ್ಕೇಲಿನ ಅಂಚಿನ ಮೇಲೆ ಅಡ್ಡ ಇಟ್ಟು, ಎರಡೂ ಕಡೆ ವಾಲದೆ ನಿಲ್ಲೋ ಜಾಗ ಹುಡುಕಿ. ಹಿಡಿಯ ತುದಿಯಿಂದ ಅಲ್ಲಿಗೆ ಅಳೆದರೆ ಸಿಗೋದೇ ಬ್ಯಾಲೆನ್ಸ್. 34.3ಕ್ಕಿಂತ ಕಡಿಮೆ ಬಂದ್ರೆ ಭಾರ ಹಿಡಿ ಕಡೆಗಿದೆ, ಇದು ಹೆಡ್ ಲೈಟ್. ಜಾಸ್ತಿ ಬಂದ್ರೆ ತಲೆ ಕಡೆಗಿದೆ, ಹೆಡ್ ಹೆವಿ. ಕೆಲವು ಕಡೆ "4 ಪಾಯಿಂಟ್ ಹೆಡ್ ಲೈಟ್" ಅಂತ ಬರೆದಿರ್ತಾರೆ. ಒಂದು ಪಾಯಿಂಟ್ ಅಂದ್ರೆ ಇಂಚಿನ ಎಂಟನೇ ಒಂದು ಭಾಗ, 3 ಮಿ.ಮೀ.ಗಿಂತ ಚೂರು ಜಾಸ್ತಿ.

ಬೀಸುವಾಗ ಕೈಗೆ ಗೊತ್ತಾಗೋ ಭಾರಕ್ಕೆ ಸ್ವಿಂಗ್ ವೇಟ್ ಅಂತಾರೆ. ನಾನು ಕಾಮರ್ಸ್ ಓದಿದವನು, ಫಿಸಿಕ್ಸ್ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೂ ಈ ಲೆಕ್ಕ ಚಕ್ರಬಡ್ಡಿಗಿಂತ ಸುಲಭ. ತೂಕವನ್ನ ದೂರದಿಂದ ಎರಡು ಸಲ ಗುಣಿಸಬೇಕು, ದೂರ ಅಳೆಯೋದು ಹಿಡಿಯ ತುದಿಯಿಂದ 10 ಸೆಂ.ಮೀ. ಮೇಲಿನ ಜಾಗದಿಂದ. 3 ಗ್ರಾಂ ಸೀಸದ ಪಟ್ಟಿಯನ್ನ ರಾಕೆಟ್ ತಲೆಯ ತುದಿಗೆ ಅಂಟಿಸಿದ್ರೆ ದೂರ 58 ಸೆಂ.ಮೀ. 58ನ್ನ 58ರಿಂದ ಗುಣಿಸಿ, ಮತ್ತೆ 0.003 ಕೆ.ಜಿ.ಯಿಂದ ಗುಣಿಸಿ: ಸ್ವಿಂಗ್ ವೇಟ್ 10 ಏರ್ತು. ಅದೇ ಪಟ್ಟಿಯನ್ನ ಹಿಡಿಗೆ ಸುತ್ತಿದ್ರೆ ಏರೋದು ಹೆಚ್ಚೂಕಡಿಮೆ ಸೊನ್ನೆ. ಮೂರೇ ಗ್ರಾಂ ನೋಡ್ರಿ!

ಹಗುರ ರಾಕೆಟ್ಟಿನಿಂದ ಹೊಡೆತಕ್ಕೆ ಬಲ ಬರಲಿ ಅಂತ ಕಂಪನಿಗಳು ಸಾಮಾನ್ಯವಾಗಿ ತೂಕವನ್ನ ತಲೆ ಕಡೆಗೆ ತಳ್ತಾರೆ, ಫ್ರೇಮ್ ಕೂಡ ಗಡುಸು ಮಾಡ್ತಾರೆ. ನನ್ನದೂ ಅದೇ ಜಾತಿ. ಬ್ಯಾಲೆನ್ಸ್ 35 ದಾಟಿತ್ತು, ನಾನು ಅಳೆದಿದ್ದು ನೋವು ಬಂದಮೇಲೆ. ಟೆನಿಸ್ ಚೆಂಡು 56ರಿಂದ 59.4 ಗ್ರಾಂ ಇರುತ್ತೆ. ವೇಗವಾಗಿ ಬಂದು ಬಡಿದಾಗ ರಾಕೆಟ್ಟಿನ ತೂಕವೇ ಆ ಪೆಟ್ಟನ್ನ ತಡೀಬೇಕು. ತೂಕ ಸಾಲದಿದ್ರೆ ರಾಕೆಟ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತೆ, ಉಳಿದ ಪೆಟ್ಟು ಮಣಿಕಟ್ಟು, ಮೊಣಕೈಗೆ. ನನ್ನ ತಪ್ಪು ಹೊಡೆತಗಳೂ ಸೇರಿದ್ವು ಅನ್ನಿ, ಎಲ್ಲಾ ರಾಕೆಟ್ ಮೇಲೇ ಹಾಕೋದು ನ್ಯಾಯ ಅಲ್ಲ.

ಹಾಗಂತ ಭಾರದ್ದು ತಗೋಬೇಕಾ? ಅದೂ ಅಲ್ಲ. ಫೆಡರರ್ ಹೆಸರಲ್ಲಿ ಬಂದ ವಿಲ್ಸನ್ ರಾಕೆಟ್ 340 ಗ್ರಾಂ, ಸ್ಟ್ರಿಂಗ್ ಹಾಕದೇನೇ. ಆದ್ರೆ ಬ್ಯಾಲೆನ್ಸ್ 30.5 ಇರೋದ್ರಿಂದ ಬಲಿತ ಕೈಗೆ ಅದು ಸಲೀಸಾಗಿ ತಿರುಗುತ್ತೆ. 13ರ ಹುಡುಗಿಗೆ ಎರಡು ಗೇಮ್ ಆದಮೇಲೆ ಎತ್ತೋಕಾಗಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ವಿಡಿಯೊ ಹಾಕ್ಕೊಂಡು ನೋಡಿ. ನೆಟ್ ಹತ್ತಿರ ಚೆಂಡಿಗೆ ರಾಕೆಟ್ ಅಡ್ಡ ಹಿಡಿಯೋಕೆ ಎಷ್ಟು ಕಡಿಮೆ ಸಮಯ ಇರುತ್ತೆ ಅಂತ ಗೊತ್ತಾಗುತ್ತೆ. ನೆಟ್ ಆಟಕ್ಕೆ ಹೆಡ್ ಲೈಟ್ ಅನುಕೂಲ ಅನ್ನೋದು ಇದಕ್ಕೇ.

ಇನ್ನೊಂದು ಮೋಸ ಇದೆ, ಮೋಸ ಅಂದ್ರೆ ನಾವೇ ಹೋಗೋದು. ಫ್ರೇಮ್ ಮೇಲಿನ ತೂಕ ಸಾಮಾನ್ಯವಾಗಿ ಸ್ಟ್ರಿಂಗ್ ಇಲ್ಲದ್ದು. ಸ್ಟ್ರಿಂಗ್ ಹಾಕಿದ್ರೆ 15–18 ಗ್ರಾಂ ಏರುತ್ತೆ, ಬ್ಯಾಲೆನ್ಸ್ ಸುಮಾರು 1 ಸೆಂ.ಮೀ. ತಲೆ ಕಡೆ ಸರಿಯುತ್ತೆ. ಒಂದು ರಾಕೆಟ್ ಸ್ಟ್ರಿಂಗ್ ಸಮೇತ, ಇನ್ನೊಂದು ಸ್ಟ್ರಿಂಗ್ ಇಲ್ಲದೆ ಇಟ್ಟು ಹೋಲಿಸಬೇಡಿ. ಹಿಡಿಗೆ ಸುತ್ತೋ ಓವರ್‌ಗ್ರಿಪ್ 5 ಗ್ರಾಂ ಅಂತಿಟ್ಕೊಳ್ಳಿ, ಅದು ಬ್ಯಾಲೆನ್ಸನ್ನ 3–4 ಮಿ.ಮೀ. ಹಿಡಿ ಕಡೆ ಎಳೆಯುತ್ತೆ.

ಈಗ ಕೂಡ್ಲಿಗಿ ಸರ್‌ಗೆ ಉತ್ತರ. ಮಗಳು ಎತ್ತರ ಇದ್ದು 27 ಇಂಚಿನದ್ದು ಹಿಡಿಯೋ ಹಾಗಿದ್ರೆ, ಸ್ಟ್ರಿಂಗ್ ಇಲ್ಲದೆ 260–275 ಗ್ರಾಂ, ಬ್ಯಾಲೆನ್ಸ್ 33ರ ಆಸುಪಾಸು ಇರೋದನ್ನ ಮೊದಲು ನೋಡಿ. ಕುಳ್ಳಗಿದ್ರೆ 26 ಇಂಚಿನದ್ದೇ ಇನ್ನೊಂದು ವರ್ಷ ಸಾಕು. ದುಡ್ಡು ಕೊಡೋ ಮುಂಚೆ ಕೋಚ್ ಹತ್ತಿರವೋ ಗೆಳತಿಯರ ಹತ್ತಿರವೋ ಅಂಥದ್ದನ್ನ ಇಸ್ಕೊಂಡು ಒಂದು ಗಂಟೆ ಆಡಿಸಿ, ಕೊನೆಯ ಹದಿನೈದು ನಿಮಿಷ ಕಣ್ಣಿಟ್ಟು ನೋಡಿ. ಚೆಂಡಿಗೆ ಕೈ ತಡವಾಗಿ ಹೋಗ್ತಿದ್ರೆ ಸ್ವಿಂಗ್ ವೇಟ್ ಜಾಸ್ತಿಯಾಗಿದೆ. ಸಮಯಕ್ಕೆ ಸರಿಯಾಗಿ ಹೋಗಿ, ಚೆಂಡು ತಗುಲಿದಾಗ ರಾಕೆಟ್ ಕೈಯಲ್ಲಿ ತಿರುಚ್ತಿದ್ರೆ ತೂಕ ಸಾಲದು. ನೋವು ಅಂದ್ರೆ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ರಾಕೆಟ್ ಬದಲಾಯಿಸ್ತಾ ಕೂರಬೇಡಿ. ಆ ತಪ್ಪು ನಾನು ಮಾಡಿದೀನಿ.

ಆಮೇಲೆ ಅಂಗಡಿಗೆ ಹೋಗುವಾಗ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಟೇಪು, ಸ್ಕೇಲು ಚೀಲದಲ್ಲಿ ಹಾಕ್ಕೊಳ್ಳಿ. ಅಂಗಡಿಯವರು ನಗ್ತಾರೆ. ನಗಲಿ ಬಿಡಿ.